ಹೊಸ ಕಪ್ಪು ಕಾರಿಗೆ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಸವರಿ ಗಟ್ಟಿಯಾಗಲು ಬಿಡುವ ತೆಳು ಪಾರದರ್ಶಕ ಪದರ) ಮಾಡಿಸಿದರೆ ತೊಳೆಯುವ ಕೆಲಸ ತಪ್ಪುತ್ತದೆಯೇ? ನೋಡಿರುವ ಎರಡರ ಮೇಲೂ ‘9ಎಚ್’ ಅಂತಿದೆ, ಮೂರು ವರ್ಷ ಬಾಳುವುದು ಒಳ್ಳೆಯದೋ, ಐದು ವರ್ಷದ್ದೋ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. ಕಾರು ಬಂದು ಹತ್ತು ದಿನ, ಬಣ್ಣ ಕಪ್ಪು, ಕೈಯಲ್ಲಿ ಎರಡು ಕೋಟಿಂಗ್‌ಗಳ ಹೆಸರು, ಮನಸ್ಸಿನಲ್ಲಿ ‘ಇದೊಂದು ಆಗಿಬಿಟ್ಟರೆ ತೊಳೆಯುವ ರಗಳೆ ಇಲ್ಲ’ ಅನ್ನುವ ಆಸೆ. ನಾನೂ ಹೀಗೇ ಇದ್ದೆ. ನನ್ನ ಕಾರೂ ಕಪ್ಪೇ.

ಒಂದು ತಿಂಗಳು ಬರೀ ವಿಡಿಯೋ ನೋಡಿದೆ. ಆಮೇಲೆ ನಾನೇ ಹಚ್ಚುತ್ತೇನೆ ಅಂತ ಹೊರಟೆ. ಮನೆಯಲ್ಲಿ ಬೇಡ ಅಂದರು, ಕೇಳಲಿಲ್ಲ. ಎರಡು ದಿನ ರಜೆ ಹಾಕಿ, ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಬಾಗಿಲು ಮುಚ್ಚಿಕೊಂಡು ಶುರು ಮಾಡಿದೆ. ಹೊಗಳಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆ ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದೆ. ಮೊದಲು ತೊಳೆದೆ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಬಣ್ಣಕ್ಕೆ ಕಚ್ಚಿಕೊಂಡಿರುತ್ತದೆ, ಅದನ್ನು ಕರಗಿಸುವ ದ್ರವ ಸಿಂಪಡಿಸಿದೆ. ಕಬ್ಬಿಣ ಸಿಕ್ಕಿದ ಕಡೆಯೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಹೊಸ ಕಾರಿನ ಮೈಯಿಂದ ಅಷ್ಟು ನೇರಳೆ ಇಳಿದದ್ದು ನೋಡಿ ದಂಗಾದೆ. ಆಮೇಲೆ ಕ್ಲೇ ಬಾರ್, ಅಂದರೆ ಉಳಿದ ಕೊಳೆಯನ್ನು ಎಳೆದು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ, ಉಜ್ಜಿದೆ. ಮೆಷಿನ್ ತಂದು ಪಾಲಿಶ್ ಮಾಡಿದೆ. ಪಾಲಿಶ್‌ನ ಎಣ್ಣೆ ಜಿಡ್ಡು ಹೋಗಲಿ ಅಂತ ಆಲ್ಕೊಹಾಲ್ ಬೆರೆಸಿದ ದ್ರವದಿಂದ ಒರೆಸಿದೆ. ಇಷ್ಟಕ್ಕೆ ಒಂದೂವರೆ ದಿನ ಹೋಯಿತು. ಕೋಟಿಂಗ್ ಹಚ್ಚಲು ಹಿಡಿದದ್ದು ಬರೀ ಅರ್ಧ ದಿನ. ಇಡೀ ಕಾರಿಗೆ 50 ಮಿಲಿಯ ಪುಟ್ಟ ಬಾಟಲಿ ಸಾಕಾಯಿತು, ಇನ್ನೂ ತಳದಲ್ಲಿ ಉಳಿದಿತ್ತು.

ಹಚ್ಚುವಾಗ ಒಂದು ಕಡೆ ಎಡವಿದೆ. ಕೋಟಿಂಗ್ ಸವರಿದ ಮೇಲೆ ಅದರಲ್ಲಿರುವ ದ್ರಾವಕ ಆರುತ್ತಾ ಬರುತ್ತದೆ. ಆಗ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಕಾಮನಬಿಲ್ಲು ಕಾಣಿಸುತ್ತದೆ. ಸರಿಯಾಗಿ ಆ ಹೊತ್ತಿಗೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಸಮ ಮಾಡಬೇಕು. ಎಡಬಾಗಿಲಿನ ಹಿಡಿಯ ಕೆಳಗೆ ಒಂದಂಗುಲ ಜಾಗ ಬಿಟ್ಟುಹೋಗಿತ್ತು. ಮಾರನೇ ದಿನ ಟಾರ್ಚ್ ಹಿಡಿದಾಗ ಕಂಡಿತು, ಅಷ್ಟರಲ್ಲಿ ಕಲ್ಲಾಗಿತ್ತು. ಇದಕ್ಕೆ ಹೈ ಸ್ಪಾಟ್ ಅನ್ನುತ್ತಾರೆ. ಆ ಕಲೆ ಇವತ್ತಿಗೂ ಇದೆ. ಇರಲಿ ಬಿಡಿ, ನನಗೆ ದುಬಾರಿಯಾದ ತಪ್ಪು ಅದಲ್ಲ.

ಮೂರನೇ ದಿನ ಬೆಳಿಗ್ಗೆ ಒಂದು ಚೊಂಬು ನೀರು ತಂದು ಬಾನೆಟ್ ಮೇಲೆ ಸುರಿದೆ. ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ನೀರು ಮುತ್ತು ಮುತ್ತಾಗಿ ಓಡಿತು. ನನಗೆ ಹುಚ್ಚೇ ಹಿಡಿಯಿತು. ಇನ್ನೊಂದು ಚೊಂಬು. ಆಮೇಲೆ ಪೈಪ್. ಮನೆಗೆ ಯಾರು ಬಂದರೂ ಸರಿ, ಕಾಫಿಗೂ ಮೊದಲು ಬಾನೆಟ್ ಹತ್ತಿರ ಕರೆದುಕೊಂಡು ಹೋಗಿ ಪೈಪ್ ತಿರುಗಿಸುತ್ತಿದ್ದೆ. ಹೆಚ್ಚಿನ ನೀರು ಜಾರಿ ಹೋಗುತ್ತಿತ್ತು. ಉಳಿದ ಹನಿಗಳು ಬಾನೆಟ್ ಮೇಲೂ ಟಾಪ್ ಮೇಲೂ ಕೂತಿರುತ್ತಿದ್ದವು. ಎಷ್ಟು ಚೆಂದ ಅಂದರೆ ಫೋಟೋ ತೆಗೆದು ಕಳಿಸುತ್ತಿದ್ದೆ. ಆಮೇಲೆ ಒಳಗೆ ಹೋಗುತ್ತಿದ್ದೆ. ಒರೆಸುತ್ತಿರಲಿಲ್ಲ. ತನ್ನಷ್ಟಕ್ಕೆ ತಾನೇ ಸ್ವಚ್ಛವಾಗುತ್ತದೆ ಅಂತ ಡಬ್ಬದ ಮೇಲೇ ಬರೆದಿತ್ತು, ಒರೆಸೋದು ಯಾಕೆ ಅಲ್ವಾ?

ಹೊತ್ತು ಹೆಚ್ಚಾಗಿ ಮಧ್ಯಾಹ್ನ. ಬಾನೆಟ್ ಕೈ ಇಡಲಾಗದಷ್ಟು ಕಾದಿರುತ್ತಿತ್ತು. ನೀರು ಬೋರ್‌ನದು, ಗಡಸು. ಹೀಗೆ ಸುಮಾರು ಮೂರು ವಾರ.

ಒಂದು ಸಂಜೆ ಓರೆಬಿಸಿಲಿನಲ್ಲಿ ಕಾರಿನ ಹತ್ತಿರ ನಿಂತಿದ್ದೆ. ಬಾನೆಟ್ ತುಂಬ ಬಿಳೀ ಉಂಗುರ. ಒಂದೆರಡಲ್ಲ, ಹನಿಗೊಂದರಂತೆ ನೂರಾರು. ಧೂಳು ಅಂದುಕೊಂಡು ಬೆರಳಿನಿಂದ ಸವರಿದೆ, ಹೋಗಲಿಲ್ಲ. ಶಾಂಪೂ ಹಾಕಿ ತೊಳೆದೆ. ಒದ್ದೆಯಿದ್ದಾಗ ಮಾಯ, ಒಣಗಿದ ತಕ್ಷಣ ಹಾಜರ್.

ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಏಕೆಂದರೆ ಇದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ. ಕೋಟಿಂಗ್ ಇಲ್ಲದ ಬಣ್ಣದ ಮೇಲೆ ನೀರು ತೆಳ್ಳಗೆ ಹರಡಿಕೊಳ್ಳುತ್ತದೆ, ಹಾಗಾಗಿ ಲವಣವೂ ಹರಡಿಕೊಂಡು ಮಬ್ಬಾಗಿ ಕೂರುತ್ತದೆ. ಕೋಟಿಂಗ್ ಇರುವ ಕಡೆ ಅದೇ ನೀರು ದುಂಡಗೆ ಎದ್ದು ನಿಲ್ಲುತ್ತದೆ. ಅಷ್ಟೂ ಲವಣ ಆ ಪುಟ್ಟ ಜಾಗದಲ್ಲೇ ಗಟ್ಟಿಯಾಗಿ ಉಳಿಯುತ್ತದೆ, ಅದೂ ಹನಿಯ ಅಂಚಿನಲ್ಲಿ ಜಾಸ್ತಿ. ಉಂಗುರದ ಆಕಾರ ಬರುವುದು ಅದಕ್ಕೇ. ಅಂದರೆ ನಾನು ಯಾವುದನ್ನು ನೋಡಿ ಕುಣಿದಾಡಿದೆನೋ ಆ ಮುತ್ತುಗಳೇ ನನ್ನ ಬಾನೆಟ್ ಮೇಲೆ ಮುದ್ರೆ ಒತ್ತುತ್ತಿದ್ದವು. ದಿನಾ ಸುರಿದೆ, ದಿನಾ ಒಂದು ಪದರ. ಸಾಲದ್ದಕ್ಕೆ ಕಾದ ಲೋಹ. ಕೋಟಿಂಗ್ ಪೂರ್ತಿ ಗಟ್ಟಿಯಾಗಲು ಒಂದು ವಾರವಾದರೂ ಬೇಕು, ನಾನು ಮೂರನೇ ದಿನದಿಂದಲೇ ಶುರು ಹಚ್ಚಿಕೊಂಡಿದ್ದೆ. ಹನಿ ಲೆನ್ಸ್ ಥರ ಬಿಸಿಲನ್ನು ಹಿಡಿದು ಬಣ್ಣ ಸುಡುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ಮೇಲ್ಮೈಗೇ ಅಂಟಿಕೊಂಡ ಹನಿಗೆ ಬೆಳಕನ್ನು ಅದೇ ಮೇಲ್ಮೈ ಮೇಲೆ ಒಟ್ಟುಗೂಡಿಸಲು ದೂರವೇ ಸಿಗುವುದಿಲ್ಲ. ಕೆಲಸ ಕೆಡಿಸಿದ್ದು ಬಿಸಿಲಲ್ಲ, ನೀರು. ನೀರೂ ಅಲ್ಲ, ಒರೆಸದೆ ಹೋದ ನಾನು.

ಮುಂದೆ ಮಾಡಿದ್ದು ಇನ್ನೂ ಚೆಂದ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಬಾನೆಟ್ ಮೇಲೆ ಹಾಸಿದೆ. ಇದು ತಪ್ಪು ದಾರಿಯೇನಲ್ಲ. ಸುಣ್ಣದಂಥ ಲವಣ ಹುಳಿಗೆ ಕರಗುತ್ತದೆ. ಹೊಸ ಉಂಗುರಗಳು ಹೋದವು. ಹಳೆಯವು ಜಗ್ಗಲಿಲ್ಲ. ನೀರಿನಲ್ಲಿ ಸಿಲಿಕಾ ಇದ್ದರೆ ಅದಕ್ಕೆ ವಿನೆಗರ್ ಲೆಕ್ಕಕ್ಕೇ ಇಲ್ಲ. ಕಲೆ ಒಳಕ್ಕೆ ಕೊರೆದುಬಿಟ್ಟಿದ್ದರಂತೂ ಕರಗಿಸಲು ಅಲ್ಲಿ ಏನೂ ಇರುವುದಿಲ್ಲ, ಇರುವುದು ಬರೀ ಗುಂಡಿ. ಅಲ್ಲಿಗೆ ನಿಲ್ಲಿಸಬೇಕಿತ್ತು. ತಾಳ್ಮೆ ಕೆಟ್ಟಿತ್ತು. ರಬ್ಬಿಂಗ್ ಕಾಂಪೌಂಡ್ (ಮೇಲ್ಮೈಯನ್ನು ಉಜ್ಜಿ ಸವೆಸುವ ಪೇಸ್ಟ್) ತಂದು, ಬಟ್ಟೆಗೆ ಹಾಕಿಕೊಂಡು, ಕೈಯಲ್ಲೇ ಗಸಗಸ ಉಜ್ಜಿದೆ. ಉಂಗುರ ಹೋಯಿತು. ಕೋಟಿಂಗೂ ಹೋಯಿತು. ಅವುಗಳ ಜಾಗದಲ್ಲಿ ಜೇಡರ ಬಲೆಯಂಥ ಗೀರು ಬಂತು. ಕಪ್ಪು ಬಣ್ಣ ಬೇರೆ, ಅದು ಯಾವ ಗೀರನ್ನೂ ಮುಚ್ಚಿಡುವುದಿಲ್ಲ.

ಕೊನೆಗೆ ಕೆಲಸ ಗೊತ್ತಿರುವ ಒಬ್ಬರ ಹತ್ತಿರ ಹೋದೆ. ಅವರು ಮೊದಲು ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದರು. ಆಮೇಲೆ ಒಂದು ಮಾತು ಕೇಳಿದರು: “ಕೋಟಿಂಗ್ ಹಚ್ಚೋಕೆ ಎರಡು ದಿನ ರಜೆ ಹಾಕಿದ್ರಿ. ಒರೆಸೋಕೆ ಐದು ನಿಮಿಷ ಇರಲಿಲ್ವಾ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಮೀಟರಿನ ಅಂಕಿ ನೋಡಿದ ಮೇಲೆ ನನಗೆ ಇಡೀ ವಿಷಯ ಬೇರೆ ಥರ ಕಾಣತೊಡಗಿತು. ಕಾರಿನ ಮೈ ಮೇಲೆ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಅಂದರೆ ಎಲ್ಲ ಸೇರಿ ಎರಡು ಕೂದಲು. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 40-50 ಮೈಕ್ರಾನ್. ಹೊಳಪು ಇರುವುದೂ ಅದರಲ್ಲೇ, ಗೀರು ಬೀಳುವುದೂ ಅದರಲ್ಲೇ. ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ, ಗೀರಿನ ಆಳದವರೆಗೆ ಸುತ್ತಲಿನದನ್ನು ತೆಗೆಯುವುದು. ಒಮ್ಮೆ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ನಾನು ಒಂದೇ ತಿಂಗಳಲ್ಲಿ ಅದೇ ಬಾನೆಟ್ಟನ್ನು ಎರಡು ಸಲ ಮೆಷಿನ್ನಿಗೆ ಕೊಟ್ಟೆ, ಮೊದಲು ನಾನೇ, ಆಮೇಲೆ ಅವರ ಕೈಯಲ್ಲಿ, ನಡುವೆ ಕೈಯಲ್ಲಿ ಉಜ್ಜಿದ್ದು ಬೇರೆ. ಆಯುಷ್ಯದಲ್ಲಿ ಕೆಲವೇ ಸಲ ಮಾಡಬಹುದಾದ ಕೆಲಸವನ್ನು ಸುಮ್ನೆ ಪೋಲು ಮಾಡಿದೆ. ನನಗೆ ಈಗಲೂ ಹೊಟ್ಟೆ ಉರಿಯುವುದು ಹಣಕ್ಕಲ್ಲ, ಆ ಮೈಕ್ರಾನ್‌ಗಳಿಗೆ.

ಇನ್ನು ಕೋಟಿಂಗ್ ಎಷ್ಟು ದಪ್ಪ ಗೊತ್ತಾ? ಮಾಮೂಲಿ ಒಂದೆರಡು ಮೈಕ್ರಾನ್. ಅಷ್ಟು ತೆಳು ಪದರ ಕಲ್ಲಿನ ಏಟನ್ನು ತಡೆಯುತ್ತದೆ, ಕೀಲಿಯ ಗೀರನ್ನು ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ನೀವು ಬರೆದಿರುವ ‘9ಎಚ್’ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ. 9ಎಚ್ ಪೆನ್ಸಿಲ್ಲಿನಿಂದ ಗೀಚಿದರೆ ಗುರುತು ಬೀಳಲಿಲ್ಲ ಅಂತ ಅರ್ಥ, ಅಷ್ಟೇ. ಖನಿಜಗಳಿಗೆ ಹೇಳುವ ಮೋಸ್ ಮಾಪಕದ 9 ಬೇರೆ, ಅಲ್ಲಿ ಮಾಣಿಕ್ಯ, ನೀಲ ಬರುತ್ತವೆ. ಮಾರುವವರು ಎರಡನ್ನೂ ಕಲಸಿ ‘ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ’ ಅನ್ನುತ್ತಾರೆ. ರಸ್ತೆಯ ಧೂಳಿನಲ್ಲಿರುವ ಮರಳಿನ ಕಣಕ್ಕೆ ಪೆನ್ಸಿಲ್ ಲೆಕ್ಕ ಗೊತ್ತಿಲ್ಲ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಕೋಟಿಂಗ್ ಇದ್ದರೂ ಗೀರು ಬೀಳುತ್ತದೆ.

ಕಲ್ಲೇಟಿನ ಭಯ ಇದ್ದರೆ ಅದಕ್ಕೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಇದೆ. ಅದು ಪಾಲಿಯುರೆಥೇನ್ ಹಾಳೆ, 150-200 ಮೈಕ್ರಾನ್ ದಪ್ಪ, ನಿಜವಾಗಿ ಏಟು ತಿನ್ನುತ್ತದೆ. ಹೆದ್ದಾರಿಯಲ್ಲಿ ಜಾಸ್ತಿ ಓಡಾಡುವವರು ಮುಂಭಾಗಕ್ಕಷ್ಟೇ ಹಾಕಿಸಿದರೂ ನಡೆಯುತ್ತದೆ.

ಹಾಗಾದರೆ ಕೋಟಿಂಗ್ ಯಾತಕ್ಕೆ? ಕೊಳೆ ಬಿಗಿಯಾಗಿ ಕಚ್ಚಿಕೊಳ್ಳುವುದಿಲ್ಲ, ತೊಳೆಯುವಾಗ ಕೈ ಸಲೀಸಾಗಿ ಜಾರುತ್ತದೆ, ಹೊಳಪು ಉಳಿಯುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ತೊಳೆಯಲು ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಸಮಯ ಸಿಗುತ್ತದೆ ಅಂದೆ, ಬಿಟ್ಟುಬಿಡಬಹುದು ಅನ್ನಲಿಲ್ಲ. ಇವೆಲ್ಲ ನಿಜವಾದ ಲಾಭವೇ. ಆದರೆ ಇವೆಲ್ಲ ಸಿಗುವುದು ತೊಳೆಯುವವನಿಗೆ. ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತ ನನಗೆ ಅನ್ನಿಸುತ್ತದೆ. ತೊಳೆಯುವುದು ತಪ್ಪಲಿ ಅಂತ ಕೋಟಿಂಗ್ ಹಾಕಿಸುವವರು ಹಾಕಿಸಲೇಬಾರದು. ಕಾರು ತೊಳೆಯುವುದು ಇಷ್ಟ, ತೊಳೆದ ಮೇಲೆ ಒರೆಸಲು ಬೇಜಾರಿಲ್ಲ ಅನ್ನುವವರು ಹಾಕಿಸಿ. ಬೇರೆಯವರು ಒಂದು ಬಕೆಟ್ ನೀರು, ಒಂದು ಹಳೇ ಬಟ್ಟೆ ಹಿಡಿದು ನಿಮ್ಮ ಕಾರು ಒರೆಸುತ್ತಾರಾ? ಹಾಗಿದ್ದರೆ ಆ ಬಟ್ಟೆಯನ್ನು ಮೊದಲು ಬಿಸಾಕಿಸಿ, ಕೋಟಿಂಗ್ ಮಾತು ಆಮೇಲೆ.

ಮೂರು ವರ್ಷವೋ ಐದು ವರ್ಷವೋ ಅನ್ನುವುದಕ್ಕೆ ನಾನು ತಲೆಯನ್ನೇ ಕೆಡಿಸಿಕೊಳ್ಳುವುದಿಲ್ಲ. ಬಾಟಲಿಯ ಮೇಲಿನ ವರ್ಷ ನಿಮ್ಮ ನೀರನ್ನು, ನಿಮ್ಮ ಬಿಸಿಲನ್ನು ನೋಡಿ ಬರೆದದ್ದಲ್ಲ. ವಾರಂಟಿ ಕಾಗದ ಕೊಟ್ಟರೆ ಸಣ್ಣ ಅಕ್ಷರ ಓದಿ. ಇಷ್ಟು ತಿಂಗಳಿಗೊಮ್ಮೆ ಅವರಲ್ಲೇ ಬಂದು ಸರ್ವಿಸ್ ಮಾಡಿಸಬೇಕು, ನೀರಿನ ಕಲೆ ಇದರಲ್ಲಿ ಸೇರಿಲ್ಲ ಅಂತ ಬರೆದಿರುವುದು ಅಪರೂಪವೇನಲ್ಲ. ಹಾಕಿಸುವುದೇ ಆದರೆ ಹಚ್ಚುವವರನ್ನು ಬ್ರಾಂಡ್ ಕೇಳಬೇಡಿ, ಪಾಲಿಶ್‌ಗೆ ಎಷ್ಟು ಹೊತ್ತು ಕೊಡುತ್ತೀರಿ ಅಂತ ಕೇಳಿ. ‘ಹೊಸ ಕಾರಲ್ವಾ, ಪಾಲಿಶ್ ಯಾಕೆ’ ಅಂದರೆ ಬೇರೆ ಕಡೆ ಹೋಗಿ. ನಿಮ್ಮ ಕೈಗೆ ಬರುವ ಮೊದಲೇ ಅದನ್ನು ಹತ್ತಾರು ಸಲ ಒರೆಸಿರುತ್ತಾರೆ. ರಾತ್ರಿ ಒಂದು ಟಾರ್ಚ್ ಹಿಡಿದು ಬಾನೆಟ್ ನೋಡಿ, ಬೆಳಕಿನ ಸುತ್ತ ಗೀರುಗಳು ಸುತ್ತಿಕೊಂಡಿರುವುದು ಕಾಣುತ್ತದೆ. ಹಾಗೇ ಹಚ್ಚಿದರೆ ಆ ಗೀರನ್ನೇ ಗಾಜಿನ ಕೆಳಗಿಟ್ಟು ಕಾಪಾಡಿದ ಹಾಗೆ.

ನನ್ನ ಕಾರು ಈಗ ಎರಡು ಥರ ಇದೆ. ಬಾಗಿಲುಗಳ ಮೇಲೆ, ಡಿಕ್ಕಿಯ ಮೇಲೆ ಹಳೇ ಕೋಟಿಂಗ್. ಬಾನೆಟ್ ಮತ್ತು ಟಾಪ್‌ಗೆ ಬರೀ ವ್ಯಾಕ್ಸ್, ಎರಡು ಮೂರು ತಿಂಗಳಿಗೊಮ್ಮೆ ನಾನೇ ಹಚ್ಚುತ್ತೇನೆ. ಅದು ಬೇಗ ಹೋಗುತ್ತದೆ, ಆದರೆ ಕಲೆಯಾದರೆ ತೆಗೆದು ಮತ್ತೆ ಹಚ್ಚಿದರಾಯಿತು, ಮೆಷಿನ್ ಬೇಡ. ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮೊದಲು, ನೆರಳಿನಲ್ಲಿ. ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು. ಕೊನೆಯಲ್ಲಿ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಎಳೆಯುತ್ತೇನೆ, ಒಂದು ಹನಿಯೂ ಕೂರಬಾರದು. ಮುತ್ತು ನೋಡಿ ಈಗ ಖುಷಿಯಾಗುವುದಿಲ್ಲ, ಟವೆಲ್ ಎಲ್ಲಿ ಅಂತ ಕೈ ಹುಡುಕುತ್ತದೆ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನೀವು ಕಾರಿಗೆ ಬಳಸುವ ನೀರನ್ನೇ ಒಂದು ಸ್ಟೀಲ್ ತಟ್ಟೆಯ ಮೇಲೆ ಹತ್ತು ಹನಿ ಬಿಟ್ಟು, ಮಧ್ಯಾಹ್ನದ ಬಿಸಿಲಿಗಿಡಿ. ಒಣಗಿದ ಮೇಲೆ ಒರೆಸದೆ ಓರೆಯಾಗಿ ಹಿಡಿದು ನೋಡಿ. ತಟ್ಟೆ ಹೇಗೆ ಕಾಣಿಸಿತು ಅಂತ ಇಲ್ಲೇ ಕೆಳಗೆ ಬರೆಯಿರಿ. ಆ ಎರಡು ಬಾಟಲಿಗಳ ವಿಷಯ ಆಮೇಲೆ ಮಾತಾಡೋಣ.