ಸಾಣಿಕಟ್ಟಾದ ಆಗರ, ಬಸವರಾಜದುರ್ಗ: ಒಂದು ದಿನ ಸಾಕೇ?

ಸಾಗರದಿಂದ ಹೊರಟು ಸಾಣಿಕಟ್ಟಾದ ಉಪ್ಪಿನ ಆಗರವನ್ನೂ ಹೊನ್ನಾವರದ ಬಸವರಾಜದುರ್ಗ ದ್ವೀಪವನ್ನೂ ಒಂದೇ ದಿನದಲ್ಲಿ ನೋಡಬಹುದೇ ಎಂದು ಕೇಳಿದ್ದೀರಿ. ನಸುಕಿನಲ್ಲೇ ಘಟ್ಟ ಇಳಿದರೆ ಖಂಡಿತ ಸಾಧ್ಯ. ಗಾಳಿ ಏಳುವ ಮುನ್ನವೇ ದೋಣಿಯವರನ್ನು ವಿಚಾರಿಸಿ ದ್ವೀಪ ನೋಡಿಬನ್ನಿ. ನಮ್ಮ ಕೆಳದಿ ಅರಸರ ಕಾಲದ ಕೋಟೆಗೋಡೆಯನ್ನು ಕಡಲ ನಡುವೆ ಕಂಡಾಗ, ಮಲೆನಾಡಿನ ಆ ಅರಸೊತ್ತಿಗೆ ಎಲ್ಲಿಯವರೆಗೆ ಚಾಚಿತ್ತೆಂಬುದು ಮನಸ್ಸಿಗೆ ತಟ್ಟುತ್ತದೆ.

ಊಟವನ್ನು ಕುಮಟಾದಲ್ಲಿ ಮುಗಿಸಿ, ಬಿಸಿಲು ಇಳಿದ ಮೇಲೆ, 4 ಗಂಟೆಯ ನಂತರ ಆಗರಕ್ಕೆ ಹೋಗಿ. ಕಡಲು ಉಬ್ಬುವ ಭರತದ ವೇಳೆ ಅಘನಾಶಿನಿ ನದಿಯ ಅಳಿವೆಯಿಂದ ಒಳಬಿಟ್ಟ ಉಪ್ಪುನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತ, ಬಿಸಿಲಿಗೆ ಆರಿ ಗಟ್ಟಿಯಾಗುತ್ತ, ಕೊನೆಯ ಮಡಿಯಲ್ಲಿ ಹರಳುಗಟ್ಟುತ್ತದೆ. ಬದುವಿನ ಮೇಲೆ ರಾಶಿ ಹಾಕಿದ, ತುಸು ಕೆಂಪು ಛಾಯೆಯ ಆ ಹರಳನ್ನು ಅಂಗೈಯಲ್ಲಿ ಹಿಡಿದು ನೋಡಿ; ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಗೆ ಇಂದಿಗೂ ಅದೇ ಉಪ್ಪು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯನ್ನೇ ಆರಿಸಿಕೊಳ್ಳಿ, ಏಕೆಂದರೆ ಮಳೆ ಬಿದ್ದ ಮೇಲೆ ಅಲ್ಲಿ ಬರೀ ನೀರು ಕಾಣುತ್ತದೆ.