ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವುದು ಇಷ್ಟು ಕಷ್ಟವೇಕೆ? ತಪ್ಪು ನನ್ನದೇ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕುಳಿತು ಒಂದು ವಾರವಾಯಿತು, ಅದರಲ್ಲಿ ಮೂರು ದಿನ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಿತು, ಡಾಕ್ಯುಮೆಂಟೇಶನ್ ಓದಿದಷ್ಟೂ ಗೊಂದಲ ಹೆಚ್ಚಿತು ಎಂದು ಬರೆದಿದ್ದೀರಿ. ತಪ್ಪು ಬಹುಪಾಲು ನಿಮ್ಮದಲ್ಲ. ಹಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನಗೂ, ಹಳೆಯ ಪ್ರಾಜೆಕ್ಟ್ ಒಂದನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸಬೇಕೆಂದರೆ ಒಂದು ದಿನ ಹೋದಂತೆಯೇ.

ಈ ಭಾಷೆಯಲ್ಲಿ ಹಳೆಯ ಸಲಹೆಗಳು ಸಾಯುವುದೇ ಇಲ್ಲ. ಪ್ಯಾಕೇಜ್ ಕಟ್ಟುವ, ಇನ್‌ಸ್ಟಾಲ್ ಮಾಡುವ ಸಾಧನಗಳು ಮಾತ್ರ ಬದಲಾಗುತ್ತಲೇ ಬಂದಿವೆ. ಡಿಸ್ಟ್‌ಯುಟಿಲ್ಸ್ 2000ರಲ್ಲಿ ಬಂತು, ಸೆಟಪ್‌ಟೂಲ್ಸ್ 2004ರಲ್ಲಿ, ಈಗ ಇನ್‌ಸ್ಟಾಲ್ ಮಾಡಲು ಬಳಸುವ ಪಿಪ್ 2008ರಲ್ಲಿ. ಆಮೇಲೆ ವೀಲ್ (ಮೊದಲೇ ಕಟ್ಟಿ ಸಿದ್ಧವಾಗಿಟ್ಟ ಪ್ಯಾಕೇಜ್), ಆಮೇಲೆ ಪೈಪ್ರಾಜೆಕ್ಟ್ ಫೈಲ್ (ಪ್ರಾಜೆಕ್ಟಿನ ವಿವರ ಬರೆದಿಡುವ ಫೈಲ್). ಒಂದೊಂದು ಕಾಲಕ್ಕೂ ನೂರಾರು ಜನ ಪಾಠ ಬರೆದರು, ಆ ಪಾಠಗಳೆಲ್ಲ ಇಂದಿಗೂ ಹುಡುಕಾಟದಲ್ಲಿ ಮೇಲೆಯೇ ಸಿಗುತ್ತವೆ. 2023ರಲ್ಲಿ ಬಂದ ಪೈಥಾನ್ 3.12ರಿಂದ ಡಿಸ್ಟ್‌ಯುಟಿಲ್ಸ್ ಅನ್ನೇ ತೆಗೆದುಹಾಕಲಾಗಿದೆ. ಹಳೆಯ ಪಾಠವನ್ನು ನಂಬಿ ನಡೆದವರಿಗೆ ಕಾಣಿಸುವುದು ಅಂಥ ಮಾಡ್ಯೂಲ್ ಇಲ್ಲ ಎಂಬ ಒಂದು ಸಾಲು ಮಾತ್ರ. ಆದ್ದರಿಂದ ಯಾವ ಪಾಠವನ್ನು ತೆರೆದರೂ ಮೊದಲು ದಿನಾಂಕ ನೋಡಿ. ದಿನಾಂಕವಿಲ್ಲದಿದ್ದರೆ ಮುಚ್ಚಿಬಿಡಿ.

ನಿಮ್ಮ ಉಬುಂಟು ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಬಂದ ಎರರ್, ಅಂದರೆ ಈ ಪೈಥಾನ್ ಅನ್ನು ಹೊರಗಿನವರು (ಇಲ್ಲಿ ಆಪರೇಟಿಂಗ್ ಸಿಸ್ಟಮ್) ನಿರ್ವಹಿಸುತ್ತಿದ್ದಾರೆ ಎಂಬುದು, ನಿಮ್ಮ ಒಳ್ಳೆಯದಕ್ಕೇ ಬಂದದ್ದು. ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸಕ್ಕೂ ಅದೇ ಪೈಥಾನ್ ಬಳಸುತ್ತದೆ. ಅದರೊಳಗೆ ಪಿಪ್ ಕೈಯಾಡಿಸಿದರೆ ಸಿಸ್ಟಮ್ಮೇ ಕೆಡಬಹುದು. ನಾನು ಹಿಂದೊಮ್ಮೆ ಸುಡೊ (ನಿರ್ವಾಹಕನ ಅಧಿಕಾರ ಕೊಡುವ ಆದೇಶ) ಹಾಕಿ ಒಂದು ಲೈಬ್ರರಿಯನ್ನು ಮೇಲ್ದರ್ಜೆಗೇರಿಸಿದೆ. ಅಪ್‌ಡೇಟ್ ಮಾಡುವ ಪ್ರೋಗ್ರಾಮೇ ನಿಂತುಹೋಯಿತು, ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕಾಯಿತು. ಆ ತಡೆಯನ್ನು ದಾಟಿಸುವ ಒಂದು ಆಯ್ಕೆಯನ್ನು ಯಾರೋ ನಿಮಗೆ ಸೂಚಿಸಿದ್ದಾರೆ. ದಯವಿಟ್ಟು ಅದನ್ನು ಬಳಸಬೇಡಿ. ಪ್ರತಿ ಪ್ರಾಜೆಕ್ಟಿಗೂ ವೆನ್ವ್ ಎಂಬ ಸಾಧನದ ಮೂಲಕ, ತನ್ನದೇ ಪ್ಯಾಕೇಜುಗಳಿರುವ ಫೋಲ್ಡರ್, ಅಂದರೆ ಪ್ರತ್ಯೇಕ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಕೆಟ್ಟರೆ ಆ ಫೋಲ್ಡರ್ ಒಂದನ್ನು ಅಳಿಸಿದರೆ ಮುಗಿಯಿತು.

ಇನ್‌ಸ್ಟಾಲ್ ಮಾಡುವ ಹೆಸರೇ ಬೇರೆ, ಕೋಡಿನಲ್ಲಿ ಇಂಪೋರ್ಟ್ ಮಾಡುವ (ಬಳಕೆಗೆ ಕರೆತರುವ) ಹೆಸರೇ ಬೇರೆ ಎಂಬ ನಿಮ್ಮ ಸಿಟ್ಟು ನನ್ನದೂ ಹೌದು. ಇನ್‌ಸ್ಟಾಲ್ ಮಾಡುವುದು ಪಿಲ್ಲೋ, ಇಂಪೋರ್ಟ್ ಮಾಡುವುದು ಪಿಐಎಲ್. ಇನ್‌ಸ್ಟಾಲ್ ಮಾಡುವುದು ಓಪನ್‌ಸಿವಿ-ಪೈಥಾನ್, ಇಂಪೋರ್ಟ್ ಮಾಡುವುದು ಸಿವಿ2. ಎರಡು ಹೆಸರೂ ಒಂದೇ ಇರಬೇಕೆಂಬ ನಿಯಮವೇ ಇಲ್ಲ. ಇದು ಬರೀ ಕಿರಿಕಿರಿಯಲ್ಲ, ಅಪಾಯವೂ ಹೌದು: ಊಹಿಸಿ ಟೈಪ್ ಮಾಡಿದ ಹೆಸರಿನಲ್ಲಿ ಕಿಡಿಗೇಡಿಯೊಬ್ಬ ಬೇರೆಯದೇ ಪ್ಯಾಕೇಜ್ ಇಟ್ಟಿರಬಹುದು. ಲೈಬ್ರರಿಯ ಅಧಿಕೃತ ಪುಟದಲ್ಲಿರುವ ಹೆಸರನ್ನೇ ನಕಲು ಮಾಡಿಕೊಳ್ಳಿ.

ಇನ್ನು ಡಾಕ್ಯುಮೆಂಟೇಶನ್. ಒಂದು ಫಂಕ್ಷನ್ನಿಗೆ ಹದಿನೈದು ಪ್ಯಾರಾಮೀಟರುಗಳ ಪಟ್ಟಿ ಕೊಟ್ಟು, ಅದನ್ನು ಕರೆಯುವ ಒಂದೇ ಒಂದು ಉದಾಹರಣೆಯನ್ನೂ ಕೊಡದ ಪುಟಗಳನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಬಿಡುವಿನ ವೇಳೆಯಲ್ಲಿ ಉಚಿತವಾಗಿ ಬರೆಯುವವರ ಶ್ರಮ ನನಗೆ ಗೊತ್ತು. ಆದರೂ ಮೂರು ಸಾಲಿನ ಉದಾಹರಣೆ ಎಷ್ಟು ಜನರ ಎಷ್ಟು ಗಂಟೆಗಳನ್ನು ಉಳಿಸುತ್ತದೆ! ನೀವು ಹೇಳಿದ, ಪುಟದಲ್ಲಿದ್ದರೂ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದ ಫಂಕ್ಷನ್ನಿನ ರಹಸ್ಯ ಹೀಗಿರಬಹುದು: ರೀಡ್ ದ ಡಾಕ್ಸ್ ತಾಣದಲ್ಲಿ 'ಲೇಟೆಸ್ಟ್' ಎಂದರೆ ಸಾಮಾನ್ಯವಾಗಿ ಇನ್ನೂ ಬಿಡುಗಡೆಯಾಗದ ಕೋಡಿನ ವಿವರಣೆ. ವಿಳಾಸದಲ್ಲಿ ಆ ಪದವಿದ್ದರೆ 'ಸ್ಟೇಬಲ್' (ಬಿಡುಗಡೆಯಾದ ಆವೃತ್ತಿ) ಎಂದು ಬದಲಾಯಿಸಿ ನೋಡಿ.

ಕಂಪೈಲ್ ಆಗದೆ (ಮೂಲ ಕೋಡಿನಿಂದ ಕಟ್ಟಲಾಗದೆ) ನಿಂತ ಆ ಇನ್ನೊಂದು ಪ್ಯಾಕೇಜಿನ ವಿಷಯದಲ್ಲಿ, ಪರದೆಯ ಕೊನೆಯ ಸಾಲನ್ನು ನಂಬಬೇಡಿ; ನಿಜವಾದ ಕಾರಣ ಸಾಮಾನ್ಯವಾಗಿ ತುಂಬಾ ಮೇಲೆ ಇರುತ್ತದೆ. ನೀವು ಹಾಕಿಕೊಂಡಿರುವುದು ಈಗಷ್ಟೇ ಬಿಡುಗಡೆಯಾದ ಪೈಥಾನ್ ಎಂದಿರಿ. ಅದಕ್ಕೆ ಆ ಪ್ಯಾಕೇಜಿನವರು ಇನ್ನೂ ವೀಲ್ ಸಿದ್ಧಪಡಿಸಿರಲಿಕ್ಕಿಲ್ಲ, ಹಾಗಾಗಿ ಪಿಪ್ ಮೂಲ ಕೋಡನ್ನೇ ಕಟ್ಟಲು ಹೊರಟಿದೆ. ಒಂದು ಆವೃತ್ತಿ ಹಿಂದಿನ ಪೈಥಾನ್‌ನಲ್ಲಿ ಹೊಸ ಎನ್ವಿರಾನ್‌ಮೆಂಟ್ ಮಾಡಿ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಎರರ್‌ನ ಪೂರ್ತಿ ಪಠ್ಯವನ್ನು ಇಲ್ಲಿ ಹಾಕಿ, ನೋಡುತ್ತೇನೆ.