ಎಲ್‌ವಿಎನ್ ನರ್ಸ್‌ಗಳ ಸಂಬಳ: ಗಂಟೆಯ ದರವೊಂದನ್ನೇ ನೋಡಿದರೆ ಸಾಲದು

ಪ್ರಶ್ನೆ: ಮದುವೆಯಾಗಿ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ನನ್ನ ಮಗಳು ಅಲ್ಲಿಯೇ ಒಂದು ವರ್ಷದ ನರ್ಸಿಂಗ್ ಕೋರ್ಸ್ ಮುಗಿಸಿ ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಶನಲ್ ನರ್ಸ್) ಪರವಾನಗಿ ಪಡೆದಿದ್ದಾಳೆ. ನರ್ಸಿಂಗ್ ಹೋಮ್ ಒಂದು ಗಂಟೆಗೆ 30 ಡಾಲರ್ ಕೊಡಲು ಸಿದ್ಧವಿದ್ದರೆ, ವೈದ್ಯರೊಬ್ಬರ ಕ್ಲಿನಿಕ್ 25 ಡಾಲರ್ ಎನ್ನುತ್ತಿದೆ. ಒಂದೇ ಪರವಾನಗಿಗೆ ಇಷ್ಟು ವ್ಯತ್ಯಾಸವೇಕೆ? ಯಾವುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು?
– ಓದುಗರು, ಹಾಸನ

ಉತ್ತರ: ನಿಮ್ಮ ಮಗಳಿಗೆ ಬಂದಿರುವ ಎರಡೂ ದರಗಳು ಅಸಹಜವಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಎಂದೂ ಟೆಕ್ಸಾಸ್ ಹಾಗೂ ಕ್ಯಾಲಿಫೋರ್ನಿಯಾಗಳಲ್ಲಿ ಎಲ್‌ವಿಎನ್ ಎಂದೂ ಕರೆಯುವ ಈ ನರ್ಸ್‌ಗಳ ಮಧ್ಯಮ ವಾರ್ಷಿಕ ವೇತನ, ಅಲ್ಲಿನ ಕೇಂದ್ರ ಕಾರ್ಮಿಕ ಇಲಾಖೆಯ 2024ರ ಮೇ ತಿಂಗಳ ಅಂಕಿಅಂಶದಂತೆ, 62,340 ಡಾಲರ್; ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು, ಉಳಿದರ್ಧ ಮಂದಿ ಕಡಿಮೆ ಗಳಿಸುತ್ತಾರೆ. ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ ಇದು ಗಂಟೆಗೆ ಸುಮಾರು 30 ಡಾಲರ್. ತೀರಾ ಕೆಳಗಿನ ಶೇಕಡಾ 10ರಷ್ಟು ಮಂದಿ 47,960 ಡಾಲರ್‌ಗಿಂತ ಕಡಿಮೆ ಗಳಿಸಿದರೆ, ಮೇಲಿನ ಶೇಕಡಾ 10ರಷ್ಟು ಮಂದಿ 80,510 ಡಾಲರ್ ದಾಟಿರುತ್ತಾರೆ.

ವ್ಯತ್ಯಾಸದ ಮೂಲವಿರುವುದು ಕೆಲಸದ ಸ್ಥಳದಲ್ಲಿ. ಅಲ್ಲಿನ ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಸಣ್ಣ ಖಾಸಗಿ ಆಸ್ಪತ್ರೆಯಲ್ಲ, ಬಹುತೇಕ ವೃದ್ಧರೇ ವರ್ಷಗಟ್ಟಲೆ ಉಳಿಯುವ ಆರೈಕೆ ಕೇಂದ್ರ. ರಾತ್ರಿ ಪಾಳಿಯಲ್ಲಿ ಎಲ್‌ವಿಎನ್ ಒಬ್ಬಳೇ ಔಷಧಿಯ ಗಾಡಿ ತಳ್ಳಿಕೊಂಡು ಕೋಣೆಯಿಂದ ಕೋಣೆಗೆ ಹೋಗಿ ಸಕ್ಕರೆ ಪ್ರಮಾಣ ನೋಡಬೇಕು, ಇನ್ಸುಲಿನ್ ಕೊಡಬೇಕು, ಗಾಯಕ್ಕೆ ಡ್ರೆಸಿಂಗ್ ಮಾಡಬೇಕು, ಜೊತೆಗೆ ಸಹಾಯಕಿಯರ ಕೆಲಸದ ಮೇಲೂ ಕಣ್ಣಿಡಬೇಕು. ಕ್ಲಿನಿಕ್‌ನಲ್ಲಾದರೋ ರಕ್ತದೊತ್ತಡ ನೋಡುವುದು, ರೋಗಿಗಳ ಫೋನಿಗೆ ಉತ್ತರಿಸುವುದು ಮುಂತಾದ ಬಹಳಷ್ಟು ಕೆಲಸಗಳನ್ನು ನರ್ಸಿಂಗ್ ಪರವಾನಗಿಯಿಲ್ಲದ ಸಹಾಯಕರಿಂದಲೂ ಮಾಡಿಸಬಹುದಾದ್ದರಿಂದ ವೈದ್ಯರು ಹೆಚ್ಚು ಕೊಡುವ ಅಗತ್ಯ ಕಾಣುವುದಿಲ್ಲ.

ಆದರೆ ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಕೇಳದೆ ತೀರ್ಮಾನಿಸಬೇಡಿ. ನರ್ಸಿಂಗ್ ಹೋಮ್‌ನಲ್ಲಿ 12 ಗಂಟೆಯ ಮೂರು ಪಾಳಿ, ಅಂದರೆ ವಾರಕ್ಕೆ 36 ಗಂಟೆ ಎಂದಾದರೆ ವರ್ಷಕ್ಕೆ 56,160 ಡಾಲರ್. ಕ್ಲಿನಿಕ್‌ನ 40 ಗಂಟೆಗೆ 52,000. ಎರಡೂ ಕಡೆ 40 ಗಂಟೆಯಾಗಿದ್ದರೆ ವರ್ಷಕ್ಕೆ 10,400 ಡಾಲರ್ ಆಗುತ್ತಿದ್ದ ಐದು ಡಾಲರ್‌ನ ಅಂತರ ಇಲ್ಲಿಯೇ ಅರ್ಧಕ್ಕಿಂತ ಹೆಚ್ಚು ಕರಗುತ್ತದೆ. ಮತ್ತೊಂದೆಡೆ, ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಪಡೆಯುವ ಹಕ್ಕು ಸಾಮಾನ್ಯವಾಗಿ ಎಲ್‌ವಿಎನ್‌ಗಳಿಗೆ ಇರುವುದರಿಂದ, ನಾಲ್ಕನೆಯ ಪಾಳಿ ಮಾಡಿದ ವಾರ 480 ಡಾಲರ್ ಹೆಚ್ಚು ಬರುತ್ತದೆ. ರಾತ್ರಿ ಮತ್ತು ವಾರಾಂತ್ಯದ ಭತ್ಯೆ ಹಲವು ಕಡೆ ಪ್ರತ್ಯೇಕ.

ಅಳಿಯನ ಕಂಪನಿಯ ಆರೋಗ್ಯ ವಿಮೆ ಅವಳಿಗೂ ಅನ್ವಯಿಸುವುದಾದರೆ, ವಿಮೆ ಮತ್ತು ರಜೆಯ ಸೌಲಭ್ಯವನ್ನು ಬಿಟ್ಟು ಹೆಚ್ಚಿನ ಗಂಟೆದರ ಪಡೆಯುವ ಅರೆಕಾಲಿಕ ಪಾಳಿಯನ್ನೂ ವಿಚಾರಿಸಬಹುದು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದು ಅನುಕೂಲವೇ. ಕ್ಯಾಲಿಫೋರ್ನಿಯಾದ ದೊಡ್ಡ ಸಂಬಳ ಕೇಳಿ ಆಸೆಪಡುವವರು ಅಲ್ಲಿನ ಮನೆ ಬಾಡಿಗೆಯನ್ನೂ ವಿಚಾರಿಸಲಿ.

ಮನೆಯಲ್ಲಿ ಎಳೆಯ ಮಕ್ಕಳಿಲ್ಲದಿದ್ದರೆ ಮೊದಲ ಒಂದೆರಡು ವರ್ಷ ನರ್ಸಿಂಗ್ ಹೋಮ್ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕೈಗೆ ಬರುವ ಅನುಭವ ಕ್ಲಿನಿಕ್‌ನಲ್ಲಿ ಸಿಗುವುದು ಕಷ್ಟ. ಒಂದು ಪಾಳಿಗೆ ಎಷ್ಟು ರೋಗಿಗಳ ಹೊಣೆ ಎಂಬುದನ್ನೂ, ಮುಂದೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್, ಎಲ್‌ವಿಎನ್‌ಗಿಂತ ಮೇಲಿನ ಹಂತ) ಓದಿಗೆ ಶುಲ್ಕದ ನೆರವು ಕೊಡುತ್ತಾರೆಯೇ ಎಂಬುದನ್ನೂ ಅವಳು ಮೊದಲೇ ಕೇಳಿಕೊಳ್ಳಲಿ. ಆರ್‌ಎನ್‌ಗಳ ಮಧ್ಯಮ ವಾರ್ಷಿಕ ವೇತನ 2024ರಲ್ಲಿ 93,600 ಡಾಲರ್ ಇತ್ತು.